ಅತ್ತೆಯ ಕಿವಿ, ಮಗನ ಫೋನು

ಬಸ್ ನಿಲ್ದಾಣದ ಹಳೆಯ ಡ್ರೈವರುಗಳು ನನ್ನ ಅತ್ತೆಯನ್ನು ಇವತ್ತಿಗೂ ಮೈಕ್ ಅಕ್ಕ ಎಂದೇ ಕರೆಯುತ್ತಾರೆ. ತರಕಾರಿಗೆ ಹೊರಟಾಗ ಯಾರೋ ಬೋಳುತಲೆಯ ಮುದುಕರು ಸೈಕಲ್ ನಿಲ್ಲಿಸಿ, "ಏನ್ ಮೈಕ್ ಅಕ್ಕ, ನಮ್ ಬಸ್ಸು ಯಾವ ಪ್ಲಾಟ್‌ಫಾರಂ?" ಎಂದು ರೇಗಿಸುತ್ತಾರೆ. ಅತ್ತೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, "ನಿಮ್ ಬಸ್ಸು ಯಾವತ್ತೋ ಹೋಯ್ತು, ನಡ್ಕೊಂಡು ಹೋಗಿ" ಎನ್ನುತ್ತಾರೆ. ಇಬ್ಬರೂ ನಗುತ್ತಾರೆ, ಬೀದಿಗೆಲ್ಲ ಕೇಳುವ ಹಾಗೆ.

ಇಂಥ ಹೆಂಗಸಿನ ಕಿವಿಯನ್ನು ನಮ್ಮ ಮನೆಯಲ್ಲಿ ಏನು ಮಾಡಿದರು ಎಂದು ಬರೆಯಲು ಕೂತಿದ್ದೇನೆ. ಸಮಾಧಾನದಿಂದ ಬರೆಯಬೇಕು ಎಂದುಕೊಂಡಿದ್ದೆ. ಆಗುತ್ತಿಲ್ಲ.

ಅತ್ತೆ ಕೆಲಸಕ್ಕೆ ಸೇರಿದ್ದು ಮದುವೆಯಾದ ಹೊಸತರಲ್ಲಿ. ನಿಲ್ದಾಣದ ನಟ್ಟನಡುವೆ, ಮೆಟ್ಟಿಲು ಹತ್ತಿ ಹೋದರೆ ಒಂದು ಗಾಜಿನ ಗೂಡು. ಒಂದು ಮೇಜು, ಒಂದು ಮೈಕು, ಒತ್ತಿದರೆ ಟಿಂಗ್‌ಟಾಂಗ್ ಎನ್ನುವ ಒಂದು ಗುಂಡಿ. ಗೂಡಿನ ನೆತ್ತಿಯ ಮೇಲೇ ನಾಲ್ಕು ದಿಕ್ಕಿಗೆ ಮುಖ ಮಾಡಿದ ತಗಡಿನ ಕಹಳೆಗಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ಕೆಟ್ಟು ನಿಂತಿದೆ, ಎಲ್ಲವನ್ನೂ ಅತ್ತೆ ಹೇಳಬೇಕು. ಹೇಳಿದ್ದು ಅಲ್ಲೇ ತಲೆಯ ಮೇಲೆ ತಗಡಿನಲ್ಲಿ ಕಿರುಚಿಕೊಂಡು ಹೊರಗೆ ಹೋಗಬೇಕು. ತಪ್ಪಿಸಿಕೊಂಡ ಮಕ್ಕಳನ್ನು ಮೇಜಿನ ಮೇಲೆ ಕೂರಿಸಿ, "ಹಳದಿ ಅಂಗಿ, ಒಂದೇ ಕಾಲಲ್ಲಿ ಚಪ್ಪಲಿ, ಸಿಕ್ಕಾಪಟ್ಟೆ ಕೋಪದಲ್ಲಿದೆ, ಬೇಗ ಬಂದು ಕರ್ಕೊಂಡು ಹೋಗಿ" ಎಂದು ಕೂಗುತ್ತಿದ್ದರಂತೆ. ಮೇಲಧಿಕಾರಿಗಳು ಹಾಗೆಲ್ಲ ಹೇಳಬಾರದು ಎಂದರೆ, "ಅಂಗಿ ಬಣ್ಣ ನೋಡಿ ಬರೋರಿಗಿಂತ ಕೋಪ ಅಂತ ಕೇಳಿ ಬರೋರೇ ಜಾಸ್ತಿ ಸಾರ್" ಎನ್ನುತ್ತಿದ್ದರಂತೆ.

ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಾವ ತೀರಿಕೊಂಡಾಗ ನನ್ನ ಗಂಡ ಇನ್ನೂ ಶಾಲೆಯ ಹುಡುಗ. ಆಮೇಲೆ ಮನೆ ನಡೆದದ್ದು ಆ ಮೈಕಿನ ಮೇಲೆಯೇ.

ಮನೆಗೆ ಬಂದರೆ ಅತ್ತೆಗೆ ಒಂದು ಮರದ ಪೆಟ್ಟಿಗೆಯ ರೇಡಿಯೋ. ಮುಂದೆ ಬಟ್ಟೆಯ ಜಾಲರಿ, ಎರಡು ಗುಂಡಿ. ಒಂದು ಸದ್ದು ಏರಿಸಿ ಇಳಿಸಲು. ಇನ್ನೊಂದು ದನಿಯನ್ನು ತೆಳ್ಳಗೆ ಮಾಡಲು, ದಪ್ಪ ಮಾಡಲು. ಈ ಎರಡನೆಯದನ್ನು ಅತ್ತೆ ಪೂರ್ತಿ ದಪ್ಪದ ಕಡೆಗೆ ತಿರುಗಿಸಿ ಬಿಟ್ಟುಬಿಟ್ಟಿದ್ದಾರೆ. ಅದರಲ್ಲಿ ಯಾರೇ ಹಾಡಿದರೂ ಹೊದ್ದುಕೊಂಡು ಹಾಡಿದ ಹಾಗೆ ಕೇಳುತ್ತದೆ. ಹೊಸದಾಗಿ ಮದುವೆಯಾಗಿ ಬಂದಾಗ ನಾನೇ ಕೇಳಿದ್ದೆ.

"ಅತ್ತೆ, ಮಾತು ಸ್ಪಷ್ಟವಾಗಿ ಕೇಳ್ಸಲ್ವಲ್ಲ?"

"ದಿನಾ ಪೂರ್ತಿ ತಗಡು ಕೇಳ್ದೋಳು ಕಣಮ್ಮ ನಾನು. ಮನೇಲಾದ್ರೂ ಕಂಬಳಿ ಥರ ಇರ್ಲಿ ಬಿಡು."

ನನಗೆ ಆ ಉತ್ತರ ಸಾಕಾಗಿತ್ತು. ಅವರ ಮಗನಿಗೆ ಯಾವತ್ತೂ ಸಾಕಾಗಲಿಲ್ಲ.

ಇವರ ಬಗ್ಗೆ, ಅಂದರೆ ನನ್ನ ಗಂಡನ ಬಗ್ಗೆ, ಹೇಳದೆ ಮುಂದೆ ಹೋಗುವಂತಿಲ್ಲ. ಇವರು ಬೇರಿಂಗ್ ಕಾರ್ಖಾನೆಯಲ್ಲಿ ತಪಾಸಣೆಯ ವಿಭಾಗದಲ್ಲಿದ್ದಾರೆ. ಕೂದಲಿನ ದಪ್ಪದಷ್ಟು ವ್ಯತ್ಯಾಸ ಕಂಡರೂ ಆ ಬೇರಿಂಗನ್ನು ಎತ್ತಿ ಕೆಂಪು ಡಬ್ಬಕ್ಕೆ ಹಾಕುವುದೇ ಇವರ ಕೆಲಸ. ಅದು ಕಾರ್ಖಾನೆಯಲ್ಲಿ ಇದ್ದರೆ ನನ್ನದೇನೂ ತಕರಾರಿಲ್ಲ. ಆದರೆ ಮಗುವಿಗೆಂದು ಇಟ್ಟುಕೊಂಡಿದ್ದ ಹಿಂದಿನ ಕೋಣೆ ಇವರ ಸಂಗೀತದ ಕೋಣೆಯಾಯಿತು. ಗೋಡೆಗೆಲ್ಲ ಮೊಟ್ಟೆ ಟ್ರೇಯಂಥ ಸ್ಪಂಜು, ಬಾಗಿಲ ಸುತ್ತ ರಬ್ಬರಿನ ಪಟ್ಟಿ, ಅದರ ಮೇಲೆ ಕಂಬಳಿ ದಪ್ಪದ ಬಟ್ಟೆ. ಒಳಗೆ ಇವರ ಎದೆಯೆತ್ತರದ ಎರಡು ಸ್ಪೀಕರು, ಒಂದೇ ಒಂದು ಕುರ್ಚಿ. ಕುರ್ಚಿ ಇಂಚು ಸರಿದರೂ ಇವರಿಗೆ ಗೊತ್ತಾಗುತ್ತದೆ. ನಾನು ಅಲ್ಲಿ ಕಸ ಗುಡಿಸುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

ಇಷ್ಟೆಲ್ಲ ಮಾಡಿ ಈ ಮನುಷ್ಯ ಒಂದು ಹಾಡನ್ನು ಕೊನೆಯವರೆಗೆ ಕೇಳಿದ್ದನ್ನು ನಾನು ನೋಡಿಲ್ಲ. ಒಂದು ಚೂರು ಕೇಳುವುದು, ಎದ್ದು ಹೋಗಿ ವೈರು ಬದಲಾಯಿಸುವುದು, ಅದೇ ಚೂರು ಮತ್ತೆ ಕೇಳುವುದು. ಹಾಡುವವಳು ಪಾಪ, ಒಂದೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡು ಅಲ್ಲೇ ಉಳಿದುಬಿಟ್ಟಿದ್ದಾಳೆ.

ಒಮ್ಮೆ ತಮ್ಮ ಅಮ್ಮನನ್ನು ಒಳಗೆ ಕರೆದು ಆ ಕುರ್ಚಿಯಲ್ಲಿ ಕೂರಿಸಿದರು. ಒಂದೇ ಹಾಡನ್ನು ಎರಡು ಸಲ ಹಾಕಿದರು.

"ಯಾವುದು ಚೆನ್ನಾಗಿದೆ ಅಮ್ಮ?"

"ಮೊದಲ್ನೇದು."

"ಇಲ್ಲಮ್ಮ, ಎರಡನೇದು. ಸರಿಯಾಗಿ ಕೇಳು."

"ನಿಂಗೆ ಗೊತ್ತಿದ್ಮೇಲೆ ನನ್ನ್ ಯಾಕೋ ಕೇಳ್ದೆ?" ಎಂದು ಅತ್ತೆ ಎದ್ದು ಆ ಯಂತ್ರದ ಸುತ್ತ ಒಂದು ಸುತ್ತು ಹಾಕಿದರು. "ಸ್ವಲ್ಪ ದಪ್ಪ ಮಾಡೋ. ತೆಳ್ಳಗೆ ಕೊರೀತಾ ಇದೆ. ಆ ಗುಂಡಿ ಎಲ್ಲಿ?"

"ಆ ಥರ ಗುಂಡಿ ಇದ್ರಲ್ಲಿ ಇರಲ್ಲ. ಒಳ್ಳೆ ಯಂತ್ರಗಳಲ್ಲಿ ಇಡೋದೇ ಇಲ್ಲ. ರೆಕಾರ್ಡ್ ಮಾಡಿದ್ದು ಹೇಗಿದೆಯೋ ಹಾಗೇ ಕೇಳ್ಬೇಕು."

"ಇಷ್ಟ್ ದೊಡ್ಡ ಡಬ್ಬ, ಒಂದ್ ಗುಂಡಿಗೆ ಜಾಗ ಇರ್ಲಿಲ್ವಾ?"

ಆವತ್ತು ನಾನು ಬಾಗಿಲ ಹೊರಗೆ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದೆ. ಆಗಿನ್ನೂ ನಗುವ ವಿಷಯವಾಗಿತ್ತು.

ಮಗಳು ಹುಟ್ಟಿದಳು. ಅದೇ ವೇಳೆಗೆ ಅತ್ತೆಯ ಕಿವಿ ಮಂದವಾಗುತ್ತ ಬಂತು. ಅಷ್ಟು ವರ್ಷ ತಲೆಯ ಮೇಲೆ ತಗಡು ಕಿರುಚಿದರೆ ಇನ್ನೇನಾಗುತ್ತದೆ? ಕುಕ್ಕರ್ ಕೂಗಿದ್ದು ಕೇಳದೆ ಅನ್ನ ಸೀದು ಹೋಯಿತು. ಬಾಗಿಲು ಬಡಿದರೂ ಗೊತ್ತಾಗದೆ ನಾನು ಮಗುವನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಕೂರಬೇಕಾಯಿತು. ನಾನು ಮೊದಲೇ ಹೆದರುಪುಕ್ಕಲಿ. ಮಗು ಮಲಗಿದ್ದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಕೆಳಗೆ ಬೆರಳಿಟ್ಟು ನೋಡುವವಳು, ಬೆರಳಿಟ್ಟದ್ದಕ್ಕೇ ಅದನ್ನು ಎಬ್ಬಿಸಿ ಅಳಿಸುವವಳು. ನಾನು ಸ್ನಾನಕ್ಕೆ ಹೋದಾಗ, ತಾರಸಿಗೆ ಹೋದಾಗ ಮಗುವಿಗೆ ಅತ್ತೆಯೇ ಗತಿ. ಆ ಅತ್ತೆಗೇ ಕೇಳದಿದ್ದರೆ?

ಕಿವಿಯ ಆಸ್ಪತ್ರೆಗೆ ಹೋದೆವು. ಎರಡೂ ಕಿವಿಗೆ ಕಡಲೆಬೀಜದಷ್ಟು ದೊಡ್ಡ ಮಿಷನ್ ಬಂತು. ಅಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿ ಬುದ್ಧಿವಂತೆ. ಮೊದಲು ಮೆತ್ತಗೆ ಇಟ್ಟು ಕಳಿಸಿದಳು. "ಒಗ್ಗಿದ ಹಾಗೆ ಬನ್ನಿ ಆಂಟಿ, ನೋಡ್ಕೊಂಡು ಏರಿಸೋಣ" ಎಂದಳು.

ಆ ಕೆಲವು ದಿನ ಮನೆಯಲ್ಲಿ ನೆಮ್ಮದಿಯಿತ್ತು. ಅತ್ತೆ ಹುರಳಿಕಾಯಿ ಬಿಡಿಸುತ್ತ ರೇಡಿಯೋ ಕೇಳಿದರು. ಮಗುವಿನ ಬಬಬ ಮಮಮಗೆಲ್ಲ ಉತ್ತರ ಕೊಟ್ಟರು. "ಇವ್ಳು ಮಾತಾಡೋದು ನಂಗೆ ಗೊತ್ತೇ ಇರ್ಲಿಲ್ವಲ್ಲೇ" ಎಂದು ಒಂದು ಮಧ್ಯಾಹ್ನ ಕಣ್ಣು ಒರೆಸಿಕೊಂಡರು.

ಆಮೇಲೆ ಇವರ ಕೈಗೆ ಆಸ್ಪತ್ರೆಯವರು ಕೊಟ್ಟ ಗ್ರಾಫು ಸಿಕ್ಕಿತು.

ಇವರು ಅದನ್ನು ಬೆಳಕಿಗೆ ಹಿಡಿದು, ಬೇರಿಂಗ್ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. "ಇದು ತಪ್ಪು. ಮೇಲಿನ ಸ್ವರಗಳನ್ನ ತುಂಬಾ ಕಡಿಮೆ ಇಟ್ಟಿದ್ದಾರೆ. ಅಮ್ಮನಿಗೆ ಕೇಳಬೇಕಾದ್ದರಲ್ಲಿ ಅರ್ಧ ಕೇಳ್ತಾನೇ ಇಲ್ಲ" ಎಂದರು. ಮಿಷನ್ನಿನ ಕಂಪನಿಯ ಆ್ಯಪು ಒಂದಿದೆಯಂತೆ. ಅದನ್ನು ತಮ್ಮ ಫೋನಿಗೆ ಹಾಕಿಕೊಂಡರು. ಅವತ್ತಿನಿಂದ ಅತ್ತೆಯ ಕಿವಿ ಅತ್ತೆಯ ತಲೆಯಲ್ಲಿರಲಿಲ್ಲ, ಇವರ ಜೇಬಿನಲ್ಲಿತ್ತು.

ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಿರುತ್ತಾರೆ. ಇವರು ಸೋಫಾದಲ್ಲಿ ಕೂತು ಫೋನಿನ ಮೇಲೆ ಹೆಬ್ಬೆರಳು ಎಳೆಯುತ್ತಾರೆ. ಅತ್ತೆ ಬೆಚ್ಚಿಬೀಳುತ್ತಾರೆ.

"ಈಗ ಹೇಗಿದೆ ಅಮ್ಮ?"

"ಚಮಚ ಎಲ್ಲಾ ತಲೆ ಒಳಗೆ ಸುರಿದ ಹಾಗಾಯ್ತು!"

"ಅದೇ ಡೀಟೇಲು. ಇಷ್ಟು ದಿನ ಅದನ್ನೇ ನೀನು ಕಳ್ಕೊಂಡಿದ್ದೆ."

"ಯಾರಿಗ್ ಬೇಕೋ ನಿನ್ ಡೀಟೇಲು? ಮೊದ್ಲು ಹೇಗಿತ್ತೋ ಹಾಗೆ ಮಾಡು."

"ಮೊದ್ಲು ಇದ್ದಿದ್ದು ತಪ್ಪಮ್ಮ."

"ನಂಗೆ ಚೆನ್ನಾಗಿತ್ತಲ್ಲೋ."

"ಚೆನ್ನಾಗಿರೋದು ಬೇರೆ, ಸರಿಯಾಗಿರೋದು ಬೇರೆ."

ಈ ಮಾತು ಕೇಳಿದಾಗ ನನ್ನ ಮೈಯೆಲ್ಲ ಉರಿಯಿತು. ಇನ್ನೊಬ್ಬರ ಕಿವಿಯ ಒಳಗೆ ಕೂತು ಇದು ಸರಿ, ಇದು ತಪ್ಪು ಎನ್ನುವುದಕ್ಕೆ ಎಷ್ಟು ಕೊಬ್ಬು ಬೇಕು? ನಾಲಿಗೆಯ ರುಚಿಯನ್ನು ಯಾರಾದರೂ ಅಳತೆಗೋಲು ಹಿಡಿದು ತಿದ್ದುತ್ತಾರೆಯೇ? ಆದರೆ ಆ ಹೊತ್ತಿಗೆ ಮಗುವಿಗೆ ಹಾಲು ಕುಡಿಸುತ್ತಿದ್ದೆ, ಕೂಗಿದರೆ ಬೆಚ್ಚುತ್ತದೆ ಎಂದು ಸುಮ್ಮನಿದ್ದೆ.

ಅತ್ತೆ ತಮ್ಮದೇ ದಾರಿ ಕಂಡುಕೊಂಡರು. ಮಗ ಮನೆಗೆ ಬಂದ ಸದ್ದಾದರೆ ಮಿಷನ್ ಕಿತ್ತು ಸಕ್ಕರೆ ಡಬ್ಬದ ಮುಚ್ಚಳದ ಮೇಲೆ ಇಡತೊಡಗಿದರು. ಮಗ ಕೆಲಸಕ್ಕೆ ಹೋದ ಮೇಲೂ ಹಾಕಿಕೊಳ್ಳಲು ಬೇಸರ, ಏಕೆಂದರೆ ಇವರು ಫೋನಿನಲ್ಲಿ ತಿರುಗಿಸಿಟ್ಟದ್ದು ಹಾಗೆಯೇ ಇರುತ್ತಿತ್ತು. ರೇಡಿಯೋ ಕೇಳಿದರೆ ಈಗ ಅದೂ ತಗಡಿನ ಕಹಳೆ. ಒಂದು ದಿನ ಅದನ್ನು ಪಟ್ಟೆಂದು ಆರಿಸಿ, "ಮತ್ತೆ ಡ್ಯೂಟಿಗೆ ಕಳಿಸ್ಬಿಟ್ಟ ನನ್ನ" ಎಂದು ಗೋಡೆ ನೋಡುತ್ತ ಕೂತರು.

ನಾನು ಇಬ್ಬರ ನಡುವೆ ಓಡಾಡಿದೆ. "ರೀ, ಅತ್ತೆ ಹಾಕ್ಕೊಳ್ತಿಲ್ಲ, ಮಗು ಅತ್ರೆ ಯಾರು ಕೇಳ್ಬೇಕು?" ಎಂದರೆ ಇವರು, "ಇನ್ನೊಂದು ಸ್ವಲ್ಪ ಕಣೆ, ಹತ್ತಿರ ಬಂದಿದ್ದೀನಿ. ಗ್ರಾಫಿನ ಗೆರೇಲಿ ಒಂದು ಉಬ್ಬು ಇದೆ, ಅದನ್ನ ತೆಗೆದ್ರೆ ಮುಗೀತು" ಎನ್ನುತ್ತಿದ್ದರು. ಆ ಉಬ್ಬು ಎಲ್ಲಿದೆಯೋ ದೇವರಿಗೇ ಗೊತ್ತು. ನನ್ನ ಪಿತ್ತ ಮಾತ್ರ ನೆತ್ತಿಗೇರುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಮಗು ಮಂಚದ ಮೇಲೆ ನಿದ್ದೆಹೋಗಿತ್ತು. ಸುತ್ತ ದಿಂಬಿನ ಕೋಟೆ ಕಟ್ಟಿ, ಅತ್ತೆ ಮಿಷನ್ ಹಾಕಿಕೊಂಡಿದ್ದಾರೆಯೇ ಎಂದು ಕಣ್ಣಾರೆ ನೋಡಿ, "ನಾನು ಬಟ್ಟೆ ಒಣಹಾಕಿ ಬರ್ತೀನಿ ಅತ್ತೆ, ಮಗು ಕಡೆ ನಿಗಾ" ಎಂದು ಹೇಳಿ ಮೇಲೆ ಹೋದೆ. ಅತ್ತೆ ತಲೆಯಾಡಿಸಿದರು. ಬಕೆಟ್ಟಿನ ಬಟ್ಟೆ ಒಣಹಾಕಿದೆ. ಗಾಳಿಗೆ ಕ್ಲಿಪ್ಪು ನಿಲ್ಲುತ್ತಿರಲಿಲ್ಲ, ಒಂದು ಹಾಸಿಗೆ ಹೊದಿಕೆ ಹಾರಿ ಪಕ್ಕದವರ ನೀರಿನ ತೊಟ್ಟಿಯ ಮೇಲೆ ಬಿತ್ತು. ಅದನ್ನು ಎಳೆದುಕೊಂಡು ಇಳಿದು ಬಂದೆ.

ಮೆಟ್ಟಿಲ ಮೇಲೇ ಕೇಳಿಸಿತು. ಅಳುವಲ್ಲ. ಅತ್ತು ಅತ್ತು ದನಿ ಸೋತು ಹೋದ ಮೇಲೆ ಉಳಿಯುವ ಕೀರಲು.

ಮಗು ಮಂಚ ಮತ್ತು ಗೋಡೆಯ ಸಂದಿಯಲ್ಲಿ ಬಿದ್ದಿತ್ತು. ತಲೆ ಕೆಳಗೆ, ಒಂದು ಕೈ ಮೈ ಅಡಿಗೆ ಸಿಕ್ಕಿ, ತುಟಿ ಒಡೆದು ರಕ್ತ. ಮುಖ ನೀಲಿಗೆ ತಿರುಗಿತ್ತು. ಎಳೆದು ಎತ್ತಿಕೊಂಡೆ.

ಅಡುಗೆಮನೆಯಲ್ಲಿ ಅತ್ತೆ ಬೆನ್ನು ಹಾಕಿ ನಿಂತು ತಟ್ಟೆ ತೊಳೆಯುತ್ತಿದ್ದರು. ನಾನು ಹೋಗಿ ಮುಂದೆ ನಿಂತ ಮೇಲೆಯೇ ಅವರಿಗೆ ಗೊತ್ತಾದದ್ದು. ಕಿವಿಯಲ್ಲಿ ಮಿಷನ್ ಇರಲಿಲ್ಲ.

"ಎಲ್ಲತ್ತೆ ಮಿಷನ್ನು? ಎಲ್ಲಿ?"

ಅತ್ತೆ ಮಗುವಿನ ತುಟಿ ನೋಡಿದರು. ಕೈಯಲ್ಲಿದ್ದ ತಟ್ಟೆ ಸಿಂಕಿಗೆ ಬಿತ್ತು. "ಅವನು… ಒಂದ್ ನಿಮಿಷ ಕೊಡಮ್ಮ ಅಂತ ಇಸ್ಕೊಂಡು ಹೋದ. ನಾನು ಇಲ್ಲೇ ಇದ್ದೀನಲ್ಲ, ನೋಡ್ತಿದ್ದೆ ಕಣೆ, ಆಗಾಗ ಹೋಗಿ ನೋಡ್ತಾನೇ ಇದ್ದೆ…"

ಹಿಂದಿನ ಕೋಣೆಯ ಬಾಗಿಲಿಗೆ ಒದ್ದೆ. ರಬ್ಬರು ಕಚ್ಚಿಕೊಂಡಿತ್ತು, ಇನ್ನೊಮ್ಮೆ ಒದ್ದೆ. ಒಳಗೆ ಇವರು ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಮುಂದೆ ಮುಕ್ಕಾಲಿಯ ಮೇಲೆ ಅತ್ತೆಯ ಎರಡು ಮಿಷನ್ನು, ಅವುಗಳ ಮುಂದೆ ಪೆನ್ಸಿಲಿನಷ್ಟು ಸಣ್ಣ ಮೈಕು, ಲ್ಯಾಪ್‌ಟಾಪಿನಲ್ಲಿ ಹಾವಿನಂತೆ ಹೊರಳುವ ಒಂದು ಗೆರೆ. ಕೈ ಎತ್ತಿ, ಸದ್ದು ಮಾಡಬೇಡ ಎಂದು ನನಗೇ ಸನ್ನೆ ಮಾಡಿದರು.

ಹೆಡ್‌ಫೋನ್ ಕಿತ್ತು ಎಸೆದೆ. ಅದು ಎಲ್ಲಿ ಬಿತ್ತೋ ನೋಡಲಿಲ್ಲ.

"ಅಮ್ಮನ ಕಿವಿ ಕಿತ್ಕೊಂಡು ಬಂದು, ನಿಮ್ಮ ಕಿವಿ ಮುಚ್ಕೊಂಡು ಕೂತಿದ್ದೀರಲ್ಲ, ನಿಮಗೆ ನಾಚ್ಕೆ ಆಗ್ಬೇಕು! ನೋಡ್ರೀ, ಇದನ್ನ ನೋಡಿ! ಇದರ ಗ್ರಾಫ್ ತೆಗೀರಿ!"

ಇವರು ಎದ್ದು ಮಗುವಿಗೆ ಕೈ ಚಾಚಿದರು, ನಾನು ಕೊಡಲಿಲ್ಲ. ಆಗಲಾದರೂ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. "ಅಳತೆ ಮುಗಿದಿದ್ರೆ ಇನ್ಮೇಲೆ ಅಮ್ಮ ಯಾವತ್ತೂ ತೆಗೀತಿರ್ಲಿಲ್ಲ ಕಣೆ, ಅದಕ್ಕೇ…" ಎಂದರು.

ಆ 'ಅದಕ್ಕೇ'ಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಡಾಕ್ಟರು ಮಗುವನ್ನು ನೋಡಿ, ತುಟಿ ಬಿಟ್ಟರೆ ಬೇರೇನೂ ಆಗಿಲ್ಲ ಎಂದರು. ಮರುದಿನವೇ ನಾನು ಅತ್ತೆಯನ್ನು ಕಿವಿಯ ಆಸ್ಪತ್ರೆಗೆ ಹೊರಡಿಸಿದೆ. ಕರೆಯದಿದ್ದರೂ ಇವರು ರಜೆ ಹಾಕಿ ಹಿಂದೆಯೇ ಬಂದರು, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಕೊಂಡು.

ಸಣ್ಣ ಕೋಣೆ. ಅತ್ತೆ ಕುರ್ಚಿಯಲ್ಲಿ, ಕಿವಿಗೆ ವೈರು. ಅದೇ ಹುಡುಗಿ ಕಂಪ್ಯೂಟರ್ ಮುಂದೆ. ನಾನು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಒಂದು ಕಡೆ, ಇವರು ಇನ್ನೊಂದು ಕಡೆ.

"ಗ್ರಾಫಿನ ಗುರಿ ಏನಿದೆಯೋ ಅಲ್ಲಿಗೇ ತಂದುಬಿಡಿ. ನಾನು ಅಳತೆ ತಂದಿದ್ದೀನಿ" ಎಂದು ಇವರು ಚೀಲದ ಜಿಪ್ ಎಳೆದರು.

"ಅವ್ರ ಮಾತು ಕೇಳ್ಬೇಡಿ" ಎಂದೆ ನಾನು. "ಮಗು ಅಳೋ ಸದ್ದು ಜೋರಾಗಿ ಕೇಳ್ಬೇಕು. ಮನೆಯ ಯಾವ ಮೂಲೆಯಲ್ಲಿದ್ರೂ ಕೇಳ್ಬೇಕು. ಬೇರೆಯೇನು ಹೇಗಿದ್ರೂ ಪರವಾಗಿಲ್ಲ. ಇಲ್ಲೇ ಅಳಿಸಿ ತೋರಿಸ್ಲಾ ಬೇಕಾದ್ರೆ?"

"ಅಳುವನ್ನ ಎತ್ತಿದ್ರೆ ಚಮಚದ ಸದ್ದೂ ಏಳುತ್ತೆ ಮೇಡಂ, ಎರಡೂ ಮೇಲಿನ ಸ್ವರಗಳ ಕಡೆನೇ ಇರೋದು" ಎಂದಳು ಹುಡುಗಿ.

"ಏಳ್ಲಿ ಬಿಡಿ!"

"ಅದನ್ನೇ ಅಲ್ವಾ ನಾನೂ ಹೇಳ್ತಿದ್ದಿದ್ದು?" ಎಂದರು ಇವರು, ಗೆದ್ದವರ ಹಾಗೆ.

"ಟಿಂಗ್ ಟಾಂಗ್!"

ಅತ್ತೆ. ಬಾಯಲ್ಲೇ ಹೇಳಿದ್ದು, ಆದರೆ ಗೋಡೆ ನಡುಗಿತು. ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕಿದರು. ಮಗು ಬಾಯಿ ತೆರೆದು ಅಜ್ಜಿಯನ್ನೇ ನೋಡಿತು.

"ಇದು ಯಾರ ಕಿವಿ?" ಎಂದರು ಅತ್ತೆ. ಮುಖ ಕೆಂಡವಾಗಿತ್ತು. "ಕೇಳ್ತಿರೋದು ನಿಮ್ಮಿಬ್ರನ್ನೇ. ಇವನು ತನ್ನ ಅಂಗಡಿ ತಂದು ನನ್ನ ಕಿವೀಲಿ ಇಡ್ತಾನೆ. ನೀನು ನಿನ್ನ ಹೆದರಿಕೆ ತಂದು ನನ್ನ ಕಿವೀಲಿ ಇಡ್ತೀಯ. ನಾನೇನು ನಿಲ್ದಾಣದ ಕಂಬಾನಾ, ಬಂದೋರೆಲ್ಲ ಒಂದೊಂದು ಕಹಳೆ ಕಟ್ಟೋಕೆ?"

"ಅತ್ತೆ, ಮಗು ಬಿದ್ದಿತ್ತು…"

"ಬಿದ್ದಿದ್ದು ನಂಗೆ ಗೊತ್ತಿಲ್ವೇನೆ? ನಿನ್ನೆಯಿಂದ ಒಂದು ತುತ್ತು ಇಳಿದಿಲ್ಲ ನಂಗೆ." ಅತ್ತೆ ಮಗನ ಕಡೆ ಬೆರಳು ತೋರಿಸಿದರು. "ಆದ್ರೆ ಒಂದು ಹೇಳು. ಆ ಮನೇಲಿ ಚೆನ್ನಾಗಿ ಕೇಳೋ ಕಿವಿ ಯಾರದ್ದು? ಸೂಜಿ ಬಿದ್ದ ಸದ್ದಿಗೆ ಹೆಸರಿಡೋ ಕಿವಿ? ಇವನದ್ದು! ಅದನ್ನ ಬಾಗಿಲು ಹಾಕಿ, ರಬ್ಬರು ಬಡಿದು ಒಳಗಿಟ್ಟಿದ್ದೀರಿ. ಮಗು ಕಾಯೋಕೆ ನನ್ನ ಕೆಟ್ಟ ಕಿವಿ ರಿಪೇರಿ ಮಾಡ್ತಿದ್ದೀರಿ. ತಲೆ ನೆಟ್ಟಗಿದ್ಯಾ ಇಬ್ರಿಗೂ?"

ಇವರು, "ಅಮ್ಮ, ಬಾಗಿಲು ತೆಗೆದಿಟ್ರೆ ಕೋಣೆಯ ಸೌಂಡೇ…" ಎಂದು ಶುರುಮಾಡಿದರು.

"ಹಾಳಾಗ್ಲಿ! ಇವತ್ತಿಂದ ಆ ಬಾಗಿಲು ಮುಚ್ಚಿದ್ರೆ ನೋಡು. ಮಗು ಅತ್ರೆ ಮೊದ್ಲು ಏಳೋನು ನೀನು. ಈಗ ಇಬ್ರೂ ಹೊರಗೆ ನಡೀರಿ. ಫೋನ್ ಇಲ್ಲಿ ಕೊಟ್ಟು ಹೋಗು."

ನಾವು ಹೊರಗೆ ಬೆಂಚಿನ ಮೇಲೆ ಕೂತೆವು, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಬಿಟ್ಟು. ನನಗೆ ಅತ್ತೆಯ ಮೇಲೂ ಸಿಟ್ಟು ಬಂದಿತ್ತು. ನನ್ನ ಹೆದರಿಕೆಯನ್ನೂ ಇವರ ಹುಚ್ಚನ್ನೂ ಒಂದೇ ತಕ್ಕಡಿಗೆ ಹಾಕಿದರಲ್ಲ! ತಾಯಿಯ ಹೆದರಿಕೆ ಒಂದು ಹವ್ಯಾಸವೇ? ಬಾಗಿಲಿನ ಗಾಜಿನಲ್ಲಿ ಅತ್ತೆಯ ಕೈ ಕಾಣುತ್ತಿತ್ತು. ಬೆರಳನ್ನು ಕೆಳಗೆ, ಇನ್ನೂ ಕೆಳಗೆ ಎಂದು ಆಡಿಸುತ್ತಿದ್ದರು. ಹುಡುಗಿ ತಲೆ ಅಲ್ಲಾಡಿಸುತ್ತಿದ್ದಳು, ನಗುತ್ತಲೂ ಇದ್ದಳು.

ಬಾಗಿಲು ತೆರೆದು ಹುಡುಗಿ ಇವರಿಗೆ ಫೋನ್ ಕೊಟ್ಟಳು. "ಆ್ಯಪ್ ತೆಗೆಸಿದ್ರು ಸಾರ್. ಮತ್ತೆ ಹಾಕಿದ್ರೂ ಮಿಷನ್ ಜೊತೆ ಕೂಡ್ಕೊಳ್ಳಲ್ಲ. ಗ್ರಾಫ್ ಪ್ರಕಾರ ನೋಡಿದ್ರೆ ಕಮ್ಮಿನೇ. ಆದ್ರೆ ಮಾತು ಗೊತ್ತಾಗತ್ತೆ, ಬೆಳಿಗ್ಗೆಯಿಂದ ರಾತ್ರಿ ತನಕ ಹಾಕ್ಕೊಳ್ತೀನಿ ಅಂತಿದ್ದಾರೆ. ನಂಗೆ ಅಷ್ಟು ಸಾಕು."

"ಮಗು ಅತ್ರೆ?" ಎಂದೆ. ಕೇಳದೆ ಇರಲಾಗಲಿಲ್ಲ.

"ಪಕ್ಕದ ರೂಮಿಂದ ಕೇಳ್ಬೋದು. ಬಾಗಿಲು ಹಾಕಿದ್ರೆ ಹೇಳಕ್ಕಾಗಲ್ಲ."

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತು ಎಂಜಿನ್ನಿನ ಸದ್ದಿಗೆ ಕಣ್ಣು ಮುಚ್ಚಿಕೊಂಡು ಬಂದರು.

ಹಿಂದಿನ ಕೋಣೆಯ ಬಾಗಿಲು ಈಗ ತೆರೆದೇ ಇರುತ್ತದೆ. ಇವರ ಗೊಣಗಾಟಕ್ಕೆ ಕೊನೆಯಿಲ್ಲ. ಫ್ರಿಜ್ಜಿನ ಗುಂಯ್ ಅಂತೆ, ಬೀದಿಯ ಹಾರ್ನ್ ಅಂತೆ, ನಾನು ಪೊರಕೆ ಆಡಿಸುವ ಸದ್ದಂತೆ. ನಾನು ಪೊರಕೆ ಆಡಿಸುತ್ತಲೇ ಇರುತ್ತೇನೆ. ನನ್ನ ಕೋಪ ಇಳಿದಿಲ್ಲ, ಇಳಿಸಿಕೊಳ್ಳುವ ಆತುರವೂ ನನಗಿಲ್ಲ. ಮೊನ್ನೆ ನಾನು ಸ್ನಾನದಲ್ಲಿದ್ದಾಗ ಮಗು ಎದ್ದು ಅತ್ತಿತು. ಸೋಪು ಮೆತ್ತಿದ ಮುಖದಲ್ಲೇ ಬಟ್ಟೆ ಸುತ್ತಿಕೊಂಡು ಓಡಿ ಬಂದರೆ, ಇವರು ಆಗಲೇ ಎತ್ತಿಕೊಂಡು ನಡುಮನೆಯಲ್ಲಿ ನಿಂತಿದ್ದರು. ಮಗು ಇವರ ಅಂಗಿಗೆ ಮೂಗು ಒರೆಸುತ್ತಿತ್ತು.

"ಇವಳ ಅಳು ಇದೆಯಲ್ಲ, ಅದು ಸರಿಯಾಗಿ…" ಎಂದು ಇವರು ಬಾಯಿ ತೆರೆದರು.

"ಇನ್ನೊಂದ್ ಮಾತಾಡಿದ್ರೆ ನೋಡಿ!" ಎಂದು ಕೂಗಿದೆ.

ಅಡುಗೆಮನೆಯಲ್ಲಿ ಅತ್ತೆ ರೇಡಿಯೋ ಮುಂದೆ ಕೂತಿದ್ದರು. ಯಾರೋ ದಪ್ಪ ದನಿಯಲ್ಲಿ ನಿಧಾನವಾಗಿ ಹಾಡುತ್ತಿದ್ದರು. ಮಗು ಅತ್ತದ್ದು ಅವರಿಗೆ ಕೇಳಿಸಿತ್ತೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ತಿರುಗಿ ನೋಡದೆ, "ಏನಂತೆ?" ಎಂದರು.

"ಏನಿಲ್ಲ ಅತ್ತೆ!"

"ಏನಿಲ್ದಿದ್ರೆ ಮೆತ್ತಗೆ ಹೇಳೇ. ಹಾಡು ಮುಗೀಲಿ."